ನಮ್ಮ ಮನೆ ಮೇಲಿನ ಆಂಟೆನಾಗೆ ಸಂಘದ ಅಪ್ಪಣೆ ಬೇಕಿಲ್ಲ

ಅಮೆರಿಕದಲ್ಲಿ ಮನೆ ಕೊಂಡ ಕನ್ನಡದವರು ನಾಲ್ಕು ಜನ ಒಂದು ಕಡೆ ಸೇರಿದರೆ ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘದ, ಮಾತು ಬಂದೇ ಬರುತ್ತದೆ. ಮನೆ ನಮ್ಮ ಹೆಸರಲ್ಲಿದೆ, ಮೂವತ್ತು ವರ್ಷದ ಸಾಲವೂ ನಮ್ಮ ತಲೆ ಮೇಲೇ ಇದೆ. ಆದರೆ ಬಾಗಿಲಿಗೆ ಯಾವ ಬಣ್ಣ, ಬೇಲಿ ಎಷ್ಟು ಎತ್ತರ, ಹುಲ್ಲು ಎಷ್ಟು ಉದ್ದ, ಕಸದ ಡಬ್ಬಿ ಯಾವ ದಿನ ರಸ್ತೆಗೆ ಬರಬೇಕು ಅಂತ ಹೇಳೋದು ಬಡಾವಣೆಯ ಮನೆ ಮಾಲೀಕರ ಸಂಘ. ಇದರಲ್ಲಿ ಬಹಳಷ್ಟಕ್ಕೆ ನಾವು ಒಪ್ಪಿಕೊಳ್ಳಲೇಬೇಕು. ಮನೆ ಕೊಳ್ಳುವ ದಿನ ಸಹಿ ಹಾಕಿದ ಕಾಗದದ ಕಟ್ಟಿನಲ್ಲಿ ಆ ನಿಯಮಗಳೂ ಸೇರಿರುತ್ತವೆ. ಈ ದೇಶದಲ್ಲಿ 7 ಕೋಟಿಗೂ ಹೆಚ್ಚು ಜನ ಇಂಥ ಸಂಘಗಳಿರುವ ಬಡಾವಣೆಗಳಲ್ಲಿ, ಕಾಂಡೋಗಳಲ್ಲಿ (ಅಂದರೆ ಒಂದೇ ಕಟ್ಟಡದ ಸ್ವಂತ ಫ್ಲಾಟ್‌ಗಳಲ್ಲಿ) ಬದುಕುತ್ತಿದ್ದಾರೆ.

ಆದರೆ ಒಂದು ವಿಷಯದಲ್ಲಿ ಸಂಘದ ಕೈ ಕಟ್ಟಿಹಾಕಿದ್ದಾರೆ. ಟಿವಿ ಆಂಟೆನಾ. ನಿಮ್ಮ ಸ್ವಂತ ಮನೆಯ ಛಾವಣಿ ಮೇಲೆ ನೀವು ಟಿವಿ ಆಂಟೆನಾ ಹಾಕಿದರೆ, ಅಥವಾ ಒಂದು ಮೀಟರಿಗಿಂತ ದೊಡ್ಡದಲ್ಲದ ಡಿಶ್ ಹಾಕಿದರೆ, ಸಂಘ ಬೇಡ ಅನ್ನುವ ಹಾಗಿಲ್ಲ. ಅಷ್ಟೇ ಅಲ್ಲ, ಮೊದಲು ನಮ್ಮನ್ನು ಕೇಳಿ ಅನ್ನುವ ಹಾಗೂ ಇಲ್ಲ. ಇದನ್ನು ಎಷ್ಟು ಜನಕ್ಕೆ ಹೇಳಿದರೂ ನಂಬೋದಿಲ್ಲ. ನಮ್ಮ ಸಂಘದ ಪುಸ್ತಕದಲ್ಲಿ ಬರೆದಿದೆಯಲ್ಲ, ಆಂಟೆನಾ ನಿಷಿದ್ಧ ಅಂತ, ಅಂತಾರೆ. ಬರೆದಿರಬಹುದು. ಬರೆದಿದ್ದರೂ ನಡೆಯೋದಿಲ್ಲ.

ಯಾಕೆ ನಡೆಯೋದಿಲ್ಲ ಅನ್ನೋದು ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಒಂದು ಕಾಲದಲ್ಲಿ ಇಲ್ಲೂ ಪ್ರತಿ ಮನೆ ಮೇಲೆ ಅಲ್ಯೂಮಿನಿಯಂ ಆಂಟೆನಾ ಇತ್ತು. ಆಮೇಲೆ ಕೇಬಲ್ ಬಂತು. ಹೊಸ ಬಡಾವಣೆ ಕಟ್ಟುವ ಬಿಲ್ಡರ್‌ಗಳು ಕೇಬಲನ್ನು ನೆಲದಡಿ ಹಾಕಿ, ಇನ್ನು ಈ ಕಡ್ಡಿಗಳ ಗೂಡು ಯಾಕೆ ಅಂತ ನಿಯಮದ ಪುಸ್ತಕದಲ್ಲಿ ಆಂಟೆನಾ ಬೇಡ ಅಂತ ಬರೆದಿಟ್ಟರು. 80ರ ದಶಕದಲ್ಲಿ ಹಿತ್ತಲಲ್ಲಿ ದೊಡ್ಡ ದೊಡ್ಡ ಡಿಶ್‌ಗಳು ಬಂದವು, ಒಬ್ಬ ಆಳಿಗಿಂತ ಎತ್ತರದವು. ಆಗ ನಿಯಮ ಇನ್ನೂ ಬಿಗಿಯಾಯಿತು. 1994ರಲ್ಲಿ ಡೈರೆಕ್‌ಟಿವಿ ಎಂಬ ಉಪಗ್ರಹ ಟಿವಿ ಕಂಪನಿ 18 ಇಂಚಿನ ಪುಟ್ಟ ಡಿಶ್ ತಂದಿತು. ಈಗ ಯಾರು ಬೇಕಾದರೂ ಒಂದು ಮೂಲೆಗೆ ಡಿಶ್ ಸಿಕ್ಕಿಸಿ ಕೇಬಲ್ ಕಂಪನಿಗೆ ವಿದಾಯ ಹೇಳಬಹುದಿತ್ತು. ಆದರೆ ಸಂಘದ ಪುಸ್ತಕ ಅಡ್ಡ ಬಂತು. ಹೀಗಾಗಿ ಬಹಳ ಬಡಾವಣೆಗಳಲ್ಲಿ ಜನಕ್ಕೆ ಉಳಿದದ್ದು ಒಂದೇ ಕೇಬಲ್ ಕಂಪನಿ, ಅವರು ಹೇಳಿದ್ದೇ ರೇಟು.

1996ರ ಫೆಬ್ರವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಟೆಲಿಕಮ್ಯುನಿಕೇಷನ್ಸ್ ಕಾಯ್ದೆಗೆ ಸಹಿ ಹಾಕಿದರು. ಅದರ 207ನೇ ಸೆಕ್ಷನ್ ತುಂಬಾ ಚಿಕ್ಕದು. ಗಾಳಿಯಲ್ಲಿ ಬರುವ ಟಿವಿ ಸಿಗ್ನಲನ್ನು ಹಿಡಿಯಲು ಜನಕ್ಕೆ ಅಡ್ಡಿ ಮಾಡುವ ನಿಯಮಗಳನ್ನು ತಡೆಯಿರಿ ಅಂತ ಅದು ಎಫ್‌ಸಿಸಿಗೆ, ಅಂದರೆ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್‌ಗೆ, ಆದೇಶ ಕೊಟ್ಟಿತು. ಎಫ್‌ಸಿಸಿ ಮಾಡಿದ ನಿಯಮ ಅದೇ ವರ್ಷ ಅಕ್ಟೋಬರ್ 14ರಿಂದ ಜಾರಿಗೆ ಬಂತು. ಇದನ್ನು ಎಲ್ಲರೂ ಒಟಾರ್ಡ್ ರೂಲ್ ಅಂತಾರೆ, ಗಾಳಿಯಲ್ಲಿ ಬರುವ ಸಿಗ್ನಲ್ ಹಿಡಿಯುವ ಸಾಧನಗಳು ಅನ್ನೋದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ಕಾನೂನಿನ ಪುಸ್ತಕದಲ್ಲಿ ಇದರ ವಿಳಾಸ 47 ಸಿಎಫ್‌ಆರ್ 1.4000. ಈ ನಂಬರನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಪತ್ರ ಬರೆಯುವಾಗ ಬೇಕಾಗುತ್ತೆ.

ನಿಯಮದ ತಿರುಳು ಇಷ್ಟು. ಸಂಘವೇ ಇರಲಿ, ಊರಿನ ಮುನಿಸಿಪಾಲಿಟಿಯೇ ಇರಲಿ, ಮನೆ ಬಾಡಿಗೆಗೆ ಕೊಟ್ಟವರೇ ಇರಲಿ, ಅವರ ಷರತ್ತು ಆಂಟೆನಾ ಹಾಕುವುದನ್ನು ವಿನಾಕಾರಣ ತಡಮಾಡಿದರೆ ಅದು ಊರ್ಜಿತವಲ್ಲ. ಖರ್ಚನ್ನು ವಿನಾಕಾರಣ ಜಾಸ್ತಿ ಮಾಡಿದರೂ ಊರ್ಜಿತವಲ್ಲ. ಒಪ್ಪುವಂಥ ಸಿಗ್ನಲ್ ಸಿಗದ ಹಾಗೆ ಮಾಡಿದರೂ ಅಲ್ಲ. ಮೂರರಲ್ಲಿ ಒಂದು ಸಾಕು. ಜಗಳ ಬಂದರೆ ತನ್ನ ಷರತ್ತು ಸರಿ ಇದೆ ಅಂತ ತೋರಿಸಬೇಕಾದದ್ದು ಸಂಘ. ತಪ್ಪು ಮಾಡಿಲ್ಲ ಅಂತ ನೀವು ಸಾಬೀತು ಮಾಡಬೇಕಿಲ್ಲ. ನನಗೆ ಈ ನಿಯಮದಲ್ಲಿ ತುಂಬಾ ಇಷ್ಟವಾದದ್ದು ಇದೇ. ಸಾಮಾನ್ಯ ಮನುಷ್ಯನ ಹತ್ತಿರ ವಕೀಲರಿಗೆ ಸುರಿಯಲು ದುಡ್ಡು ಇರೋದಿಲ್ಲ, ಸಂಘದ ಹತ್ತಿರ ಇರುತ್ತೆ, ಅದೂ ನಾವೇ ತಿಂಗಳು ತಿಂಗಳು ಕಟ್ಟಿದ ದುಡ್ಡು. ಸಾಬೀತು ಮಾಡುವ ಹೊರೆಯನ್ನು ದುಡ್ಡಿದ್ದವರ ಕಡೆಗೆ ಸರಿಸಿದ್ದು ನ್ಯಾಯ.

ಕಾಗದದ ಮೇಲಿನ ಹಕ್ಕು ನಿಜವಾಗಿ ಹೇಗೆ ಕೆಲಸಕ್ಕೆ ಬರುತ್ತೆ ಅನ್ನೋದಕ್ಕೆ ಒಂದು ಮನೆಯ ಕಥೆ ಹೇಳ್ತೀನಿ. ಡಾಲಸ್‌ನ ಉತ್ತರಕ್ಕೆ ಫ್ರಿಸ್ಕೋ ಅಂತ ಊರು. ಅಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ, ಹಾಸನದ ಕಡೆಯವರು. ಕೇಬಲ್ ಬಿಲ್ಲು ಏರಿ ಏರಿ ಸಾಕಾಗಿ, ಛಾವಣಿಯ ಹಿಂಬದಿಗೆ ಒಂದು ಆಂಟೆನಾ ಹಾಕಿಸಿದರು. ಬಹಳ ದಿನ ಆಗಿರಲಿಲ್ಲ, ಪತ್ರ ಬಂತು. ಪಕ್ಕದ ರಸ್ತೆಯಿಂದ ತೆಗೆದ ಒಂದು ಫೋಟೋ, ಆಂಟೆನಾ ಸುತ್ತ ಕೆಂಪು ವೃತ್ತ. ಕೆಳಗೆ, ಆರ್ಕಿಟೆಕ್ಚರಲ್ ಕಮಿಟಿಯ ಅನುಮತಿ ಇಲ್ಲದೆ ಛಾವಣಿ ಮೇಲೆ ವಸ್ತು ಅಳವಡಿಸಿದ್ದೀರಿ, ಕೂಡಲೇ ತೆಗೆಯಿರಿ, ಇಲ್ಲವಾದರೆ ದಂಡ. ಬೇಕಿದ್ದರೆ ಆಟಿಕ್ (ಛಾವಣಿಯ ಕೆಳಗಿನ ಅಟ್ಟ) ಒಳಗೆ ಇಟ್ಟುಕೊಳ್ಳಿ ಅಂತ ಒಂದು ಸಾಲು ಕೊನೆಗೆ.

ಗೆಳೆಯರು ಫೋನ್ ಮಾಡಿದಾಗ ದನಿಯೇ ಇಳಿದುಹೋಗಿತ್ತು. "ಸುಮ್ನೆ ತೆಗೆದುಬಿಡ್ತೀನಿ ಬಿಡಿ. ನಾವು ವೀಸಾ ಮೇಲಿರೋರು, ಗ್ರೀನ್ ಕಾರ್ಡ್ ಸಾಲಲ್ಲಿ ನಿಂತಿರೋರು. ಯಾಕೆ ಬೇಕು ಇಲ್ಲದ ತಲೆನೋವು" ಅಂದರು.

ಈ ಮಾತು ಹೊಸದಲ್ಲ. ನಮ್ಮವರಲ್ಲಿ ಎಷ್ಟೋ ಜನರ ಬಾಯಲ್ಲಿ ಇದನ್ನೇ ಕೇಳಿದ್ದೀನಿ, ಆಂಟೆನಾ ವಿಷಯದಲ್ಲಿ ಮಾತ್ರ ಅಲ್ಲ. ಲೆಟರ್‌ಹೆಡ್ ಇರುವ ಕಾಗದ ಬಂದರೆ ಅದು ಸರ್ಕಾರದ್ದು ಅನ್ನಿಸಿಬಿಡುತ್ತೆ. ಎಲ್ಲದಕ್ಕೂ ಅರ್ಜಿ ಹಾಕಿ, ಎಲ್ಲದಕ್ಕೂ ಒಪ್ಪಿಗೆಗೆ ಕಾದು, ಪ್ರತಿ ಸಲ ಊರಿಗೆ ಹೋಗುವ ಮುಂಚೆ ವೀಸಾ ಸ್ಟಾಂಪಿಂಗ್ ಚಿಂತೆ ಮಾಡಿ ಮಾಡಿ, ನಮಗೆ ಇರುವ ಹಕ್ಕನ್ನೂ ಯಾರೋ ದಯೆಯಿಂದ ಕೊಟ್ಟ ಹಾಗೆ ಕಾಣುತ್ತೆ. ಹೇಳಬೇಕು ಅಂದ್ರೆ ಎಚ್‌ಒಎ ಸರ್ಕಾರ ಅಲ್ಲ. ಅದು ಮನೆ ಮಾಲೀಕರ ಒಂದು ಖಾಸಗಿ ಸಂಘ. ನಿಮಗೂ ಅದಕ್ಕೂ ಇರೋದು ಒಂದು ಒಪ್ಪಂದ. ಛಾವಣಿ ಮೇಲಿನ ಆಂಟೆನಾ ಬಗ್ಗೆ ಅವರು ಕಳಿಸುವ ಪತ್ರಕ್ಕೂ ನಿಮ್ಮ ವೀಸಾಗೂ ಯಾವ ಸಂಬಂಧವೂ ಇಲ್ಲ. ಒಟಾರ್ಡ್ ನಿಯಮ ಪಾಸ್‌ಪೋರ್ಟ್ ಕೇಳೋದಿಲ್ಲ. ಆ ಜಾಗ ನಿಮ್ಮದಾ, ನಿಮ್ಮೊಬ್ಬರ ಬಳಕೆಗೇ ಇರೋದಾ ಅಂತ ಮಾತ್ರ ಕೇಳುತ್ತೆ.

ವಾರಾಂತ್ಯಕ್ಕೆ ಅವರ ಮನೆಗೆ ಹೋದೆ. ಮೊದಲು ಆಟಿಕ್ ಮಾತು ನಿಜವಾ ನೋಡೋಣ ಅಂದೆ, ಯಾಕಂದ್ರೆ ಅಲ್ಲಿ ಚೆನ್ನಾಗಿ ಸಿಗ್ನಲ್ ಬಂದರೆ ಜಗಳವೇ ಬೇಡ, ಒಳಗೇ ಇಡಬಹುದು. ಮೆಟ್ಟಿಲು ಇಳಿಸಿಕೊಂಡು ಮೇಲೆ ಹತ್ತಿದೆವು. ಟಾರ್ಚ್ ಬಿಟ್ಟರೆ ಛಾವಣಿಯ ಒಳಮೈ ಪೂರ್ತಿ ಬೆಳ್ಳಗೆ ಹೊಳೀತಿತ್ತು. ಟೆಕ್ಸಾಸ್‌ನ ಹೊಸ ಮನೆಗಳಲ್ಲಿ ಬಿಸಿಲಿನ ಕಾವು ಒಳಗೆ ಬರದಿರಲಿ ಅಂತ ಛಾವಣಿಯ ಹಲಗೆಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿರುತ್ತಾರೆ, ರೇಡಿಯಂಟ್ ಬ್ಯಾರಿಯರ್ ಅಂತ. ಬಿಸಿಯನ್ನು ತಡೆಯುವ ಆ ಹಾಳೆ ಟಿವಿ ಸಿಗ್ನಲನ್ನೂ ತಡೆಯುತ್ತೆ. ಆದರೂ ಆಂಟೆನಾವನ್ನು ಒಳಗೆ ತಂದು, ದಕ್ಷಿಣಕ್ಕೆ ಮುಖ ಮಾಡಿಸಿ, ಟಿವಿಯಲ್ಲಿ ಚಾನೆಲ್ ಹುಡುಕಿಸಿದೆವು. ಕೆಲವು ಬರಲೇ ಇಲ್ಲ. ಬಂದ ಒಂದೆರಡು ಚೂರು ಚೂರಾಗಿ ಒಡೆದು ನಿಂತುಹೋಗುತ್ತಿದ್ದವು. 2009ರ ಜೂನ್ 12ಕ್ಕೆ ಇಲ್ಲಿನ ದೊಡ್ಡ ಸ್ಟೇಷನ್‌ಗಳೆಲ್ಲ ಹಳೆಯ ಅನಲಾಗ್ ನಿಲ್ಲಿಸಿ ಡಿಜಿಟಲ್‌ಗೆ ಬಂದವು. ಹಳೆಯ ಕಾಲದಲ್ಲಿ ಸಿಗ್ನಲ್ ಕಡಿಮೆಯಾದರೆ ಚಿತ್ರದ ಮೇಲೆ ಚುಕ್ಕೆ ಬೀಳುತ್ತಿತ್ತು, ಹೇಗೋ ನೋಡಬಹುದಿತ್ತು. ಡಿಜಿಟಲ್‌ನಲ್ಲಿ ಹಾಗಲ್ಲ. ಒಂದು ಮಟ್ಟದ ಮೇಲಿದ್ದರೆ ಚೊಕ್ಕ ಚಿತ್ರ, ಕೆಳಗೆ ಇಳಿದರೆ ಏನೂ ಇಲ್ಲ.

ಅದೇ ಆಂಟೆನಾವನ್ನು ಮತ್ತೆ ಹೊರಗೆ ಕಟ್ಟಿ ನೋಡಿದರೆ ಚಾನೆಲ್ 4, 5, 8, 11 ಎಲ್ಲಾ ಬಂದವು. ಸಾರ್ವಜನಿಕ ಟಿವಿಯ ಕೆಇಆರ್‌ಎ 13 ಕೂಡ ಬಂತು. ಈ ಸ್ಟೇಷನ್‌ಗಳ ಟವರ್‌ಗಳು ಇರೋದು ಡಾಲಸ್‌ನ ಆಚೆ ಬದಿಗೆ, ಸೀಡರ್ ಹಿಲ್ ಎಂಬ ಎತ್ತರದ ಜಾಗದಲ್ಲಿ. ಫ್ರಿಸ್ಕೋದಿಂದ ಸುಮಾರು 40 ಮೈಲಿ. ಅಷ್ಟು ದೂರಕ್ಕೆ ಆಂಟೆನಾ ಎತ್ತರದಲ್ಲಿ, ಅಡ್ಡ ಏನೂ ಇಲ್ಲದ ಕಡೆ ಇರಬೇಕು. ಎರಡೂ ಸಲ ಟಿವಿಯಲ್ಲಿ ಬಂದ ಸಿಗ್ನಲ್ ಮಟ್ಟದ ಫೋಟೋ ತೆಗೆದುಕೊಂಡೆವು. ಒಪ್ಪುವಂಥ ಸಿಗ್ನಲ್ ಸಿಗದ ಹಾಗೆ ಮಾಡುವ ಷರತ್ತು ಊರ್ಜಿತವಲ್ಲ ಅಂತ ನಿಯಮ ಹೇಳುತ್ತಲ್ಲ, ಅದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಾ?

ಅವರ ತಂದೆ ಆಗ ಊರಿಂದ ಬಂದಿದ್ದರು. ಕೆಇಬಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನಾವಿಬ್ಬರೂ ಸಿಗ್ನಲ್ ಬಂತು ಅಂತ ಖುಷಿಯಲ್ಲಿದ್ದರೆ ಅವರು ಹಿತ್ತಲಲ್ಲಿ ನಿಂತು ಕಂಬವನ್ನೇ ನೋಡುತ್ತಿದ್ದರು. "ಅದೆಲ್ಲ ಸರಿ, ಅರ್ಥಿಂಗ್ ಎಲ್ಲಪ್ಪಾ?" ಅಂದರು. ಹಾಕಿಸಿದವನು ಅರ್ಥಿಂಗ್ ಮಾಡಿರಲೇ ಇಲ್ಲ. ಅಂಕಲ್ ಕೇಳಿದ್ದು ನೂರಕ್ಕೆ ನೂರು ಸರಿ. ಆಂಟೆನಾದ ಕಂಬದಿಂದ ತಾಮ್ರದ ತಂತಿ ಎಳೆದು ಮನೆಯ ಅರ್ಥಿಂಗ್‌ಗೆ ಸೇರಿಸಬೇಕು, ಆಂಟೆನಾದಿಂದ ಟಿವಿಗೆ ಹೋಗುವ ಕೋಆಕ್ಸ್ ಕೇಬಲ್ ಮನೆಯೊಳಗೆ ಹೋಗುವ ಮುಂಚೆ ಅದನ್ನೂ ಅರ್ಥ್ ಮಾಡಬೇಕು ಅಂತ ಇಲ್ಲಿನ ವಿದ್ಯುತ್ ಕೋಡ್ ಹೇಳುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಆ ಕೆಲಸ ಮುಗಿಸಿ, ಬಿಲ್ಲನ್ನು ಫೈಲಿನಲ್ಲಿ ಇಟ್ಟೆವು.

ಇದನ್ನು ಬೇಕೆಂದೇ ಹೇಳುತ್ತಿದ್ದೀನಿ. ಒಟಾರ್ಡ್ ನಿಯಮ ಸಂಘದ ಬಾಯಿ ಪೂರ್ತಿ ಮುಚ್ಚಿಸಿಲ್ಲ. ಸುರಕ್ಷತೆ ವಿಷಯದಲ್ಲಿ ಅವರು ಷರತ್ತು ಹಾಕಬಹುದು, ಆದರೆ ಅದು ಯಾಕೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ಕರೆಂಟಿನ ತಂತಿಯಿಂದ ದೂರ ಇರಲಿ, ಗಾಳಿಗೆ ಬೀಳದ ಹಾಗೆ ಭದ್ರ ಮಾಡಿ, ಬೆಂಕಿ ಬಿದ್ದಾಗ ಇಳಿಯುವ ಮೆಟ್ಟಿಲಿಗೆ ಕಟ್ಟಬೇಡಿ ಅಂದರೆ ಕೇಳಬೇಕು. ಕಂಬ ಛಾವಣಿಗಿಂತ 12 ಅಡಿ ಮೇಲೆ ಹೋದರೆ ಪರ್ಮಿಟ್ ತಗೊಳ್ಳಿ ಅನ್ನಬಹುದು. ರಾಷ್ಟ್ರೀಯ ಪಟ್ಟಿಯಲ್ಲಿರುವ ಪಾರಂಪರಿಕ ಕಟ್ಟಡಗಳಿಗೂ ಬೇರೆ ನಿಯಮ ಇದೆ. ನೋಡಲು ಚೆನ್ನಾಗಿಲ್ಲ ಅನ್ನೋದು ಮಾತ್ರ ಈ ಪಟ್ಟಿಯಲ್ಲಿ ಇಲ್ಲ.

ಅನುಮತಿ ವಿಷಯಕ್ಕೆ ಬರೋಣ. ಎಷ್ಟೋ ಸಂಘಗಳು ಈಗ ಜಾಣತನದಿಂದ, ನಾವು ಆಂಟೆನಾ ಬೇಡ ಅನ್ನೋದಿಲ್ಲ, ಮೊದಲು ಒಂದು ಅರ್ಜಿ ಹಾಕಿ, ಕಮಿಟಿ ನೋಡಿ ಹೇಳುತ್ತೆ ಅಂತಾರೆ. ಕೇಳೋಕೆ ಸಣ್ಣ ವಿಷಯ ಅನ್ನಿಸುತ್ತೆ. ಕಮಿಟಿ ಸೇರೋದು ತಿಂಗಳಿಗೊಮ್ಮೆ. ಒಂದು ಸಲ ಕೋರಂ ಇಲ್ಲ, ಇನ್ನೊಂದು ಸಲ ನಕ್ಷೆ ಸಾಲದು. ಅಷ್ಟರಲ್ಲಿ ಜನ ಬೇಸತ್ತು ಕೇಬಲ್‌ಗೇ ವಾಪಸ್ ಹೋಗಿರುತ್ತಾರೆ. ಎಫ್‌ಸಿಸಿ ಇದನ್ನು ಮೊದಲೇ ಕಂಡುಕೊಂಡಿತು. ಸುರಕ್ಷತೆ ಮತ್ತು ಪಾರಂಪರಿಕ ಕಟ್ಟಡದ ಕಾರಣ ಬಿಟ್ಟರೆ ಮುಂಚೆ ಅನುಮತಿ ಕೇಳುವುದೇ ತಡಮಾಡಿದ ಹಾಗೆ ಅಂತ ಹೇಳಿತು. 1997ರಲ್ಲಿ ಕನ್ಸಾಸ್‌ನ ಮೀಡ್ ಎಂಬ ಪುಟ್ಟ ಊರಿನ ಆಡಳಿತ ಡಿಶ್ ಹಾಕಲು ಪರ್ಮಿಟ್ ಬೇಕು, ಅದಕ್ಕೆ ಶುಲ್ಕ ಕಟ್ಟಬೇಕು ಅಂತ ಮಾಡಿದ್ದ ನಿಯಮ ಎಫ್‌ಸಿಸಿ ಮುಂದೆ ನಿಲ್ಲಲಿಲ್ಲ. ಹಕ್ಕು ಇದ್ದೂ ಅದನ್ನು ಬಳಸಲು ಸಾಲಲ್ಲಿ ನಿಲ್ಲಬೇಕಾದರೆ ಅದು ಹಕ್ಕು ಹೇಗಾಗುತ್ತೆ, ಅಲ್ವಾ?

ಸಂಘದವರು ಹೇಳಬಹುದಾದದ್ದು ಇನ್ನೊಂದಿದೆ, ಅದು ನ್ಯಾಯವೂ ಹೌದು. ಸಿಗ್ನಲ್ ಅಷ್ಟೇ ಚೆನ್ನಾಗಿ ಸಿಗುವುದಾದರೆ, ಖರ್ಚು ಹೆಚ್ಚಾಗದೆ ಇದ್ದರೆ, ಮುಂಬದಿಗೆ ಬೇಡ ಹಿಂಬದಿಗೆ ಹಾಕಿ ಅನ್ನಬಹುದು. ಗೋಡೆಯ ಬಣ್ಣಕ್ಕೆ ಹೊಂದುವ ಹಾಗೆ ಬಣ್ಣ ಬಳಿಯಿರಿ ಅನ್ನಬಹುದು. ಬಡಾವಣೆ ಚೆನ್ನಾಗಿ ಕಾಣಬೇಕು ಅನ್ನುವ ಆಸೆ ತಪ್ಪಲ್ಲ. ಅಕ್ಕಪಕ್ಕದವರೂ ನಮ್ಮ ಹಾಗೇ ಸಾಲ ಮಾಡಿ ಮನೆ ಕೊಂಡಿರುತ್ತಾರೆ, ಮನೆಯ ಬೆಲೆ ಇಳಿಯುತ್ತೇನೋ ಅನ್ನುವ ಭಯ ಅವರಿಗೂ ಇರುತ್ತೆ. ನನ್ನ ಅಭಿಪ್ರಾಯದಲ್ಲಿ ಕಣ್ಣಿಗೆ ಚೆಂದ ಕಾಣೋದು ಮುಖ್ಯ, ಆದರೆ ಸುದ್ದಿ ಮತ್ತು ಹವಾಮಾನದ ಎಚ್ಚರಿಕೆ ಮನೆಯೊಳಗೆ ಬರೋದು ಅದಕ್ಕಿಂತ ಮುಖ್ಯ. ಕಾನೂನು ಈ ಎರಡನ್ನೂ ತೂಗಿ ಯಾವುದು ಮೇಲೆ ಅಂತ 1996ರಲ್ಲೇ ಹೇಳಿಬಿಟ್ಟಿದೆ.

ಹವಾಮಾನ ಅಂದೆ. ಟೆಕ್ಸಾಸ್‌ನಲ್ಲಿ ಬದುಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ವಸಂತದಲ್ಲಿ ಸಂಜೆ ಹೊತ್ತು ಆಕಾಶ ಹಸಿರು ಬಣ್ಣಕ್ಕೆ ತಿರುಗಿ, ಫೋನುಗಳು ಒಟ್ಟಿಗೆ ಕಿರುಚಿದರೆ, ಸುಂಟರಗಾಳಿ ಯಾವ ರಸ್ತೆ ದಾಟಿ ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತೆ ಅಂತ ಬೀದಿ ಬೀದಿ ಹೆಸರು ಹಿಡಿದು ಹೇಳೋದು ಊರಿನ ಟಿವಿ ಸ್ಟೇಷನ್. ಅಂಥ ಹೊತ್ತಲ್ಲೇ ಇಂಟರ್ನೆಟ್ ಕೈಕೊಡೋದು. ಡಿಶ್ ಸಿಗ್ನಲ್ ದಟ್ಟ ಮಳೆ ಮೋಡದಲ್ಲಿ ಹೋಗಿಬಿಡುತ್ತೆ. ಆಂಟೆನಾಗೆ ಬರುವ ಸಿಗ್ನಲ್‌ಗೆ ಮಳೆಯ ಕಾಟ ಬಹಳ ಕಡಿಮೆ. 2021ರ ಫೆಬ್ರವರಿಯ ಹಿಮಗಾಳಿಗೆ ಟೆಕ್ಸಾಸ್‌ನಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆಗಳ ಕರೆಂಟು ಹೋಯಿತು. ಅಂಥ ಹೊತ್ತಲ್ಲಿ ಒಂದು ಪುಟ್ಟ ಟಿವಿ, ಬ್ಯಾಟರಿ, ಆಂಟೆನಾ ಇದ್ದ ಮನೆಗೆ ಯಾವ ಕಡೆ ಬೆಚ್ಚಗಿರಲು ಜಾಗ ಮಾಡಿದ್ದಾರೆ, ಯಾವ ಕಡೆ ನೀರು ಕುದಿಸಿ ಕುಡಿಯಬೇಕು ಅನ್ನೋದು ತಿಳಿಯುತ್ತೆ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದರೆ ಈ ಮಾತಿನ ಬೆಲೆ ಗೊತ್ತಾಗುತ್ತೆ.

ದುಡ್ಡಿನ ಮಾತೂ ಇದೆ. ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್, ಪಿಬಿಎಸ್ ಎಲ್ಲಾ ಗಾಳಿಯಲ್ಲಿ ಪುಕ್ಕಟೆ ಬರುತ್ತವೆ. ಆಂಟೆನಾಗೆ ಒಂದು ಸಲ ದುಡ್ಡು ಹಾಕಿದರೆ ಆಯಿತು, ತಿಂಗಳ ಬಿಲ್ಲಿಲ್ಲ. ಆ ತರಂಗಗಳು ಹರಿಯುವ ಗಾಳಿ ಯಾರ ಸ್ವತ್ತೂ ಅಲ್ಲ, ಜನರದ್ದು. ಸ್ಟೇಷನ್‌ಗಳಿಗೆ ಅದನ್ನು ಬಳಸಲು ಲೈಸೆನ್ಸ್ ಕೊಟ್ಟಿರೋದೇ ಜನರಿಗೆ ಉಪಯೋಗ ಆಗಲಿ ಅಂತ. ಅಲ್ಲಿಂದ ಹೊರಟ ಸಿಗ್ನಲ್ 40 ಮೈಲಿ ದಾಟಿ ನಮ್ಮ ಛಾವಣಿ ತನಕ ಬಂದು, ಕೊನೆಯ ಹತ್ತು ಅಡಿಯಲ್ಲಿ ಒಂದು ಕಮಿಟಿ ಅದನ್ನು ತಡೆದು ನಿಲ್ಲಿಸೋದು ನನಗೆ ಸರಿ ಕಾಣೋದಿಲ್ಲ.

ಈಗ ಈ ಹಕ್ಕು ಎಲ್ಲಿ ನಿಲ್ಲುತ್ತೆ ಅನ್ನೋದನ್ನೂ ಸರಿಯಾಗಿ ತಿಳಿದುಕೊಳ್ಳಬೇಕು, ಇಲ್ಲದಿದ್ದರೆ ಜೋರು ಮಾಡಲು ಹೋಗಿ ಮುಖಭಂಗ ಆಗುತ್ತೆ. ನಿಯಮ ಕಾಯೋದು ನಿಮ್ಮೊಬ್ಬರ ಬಳಕೆಗೇ ಇರುವ, ನಿಮ್ಮ ಹಿಡಿತದಲ್ಲಿರುವ ಜಾಗವನ್ನು ಮಾತ್ರ. ಬೇರೆಬೇರೆಯಾಗಿ ನಿಂತ ಮನೆಯಾದರೆ ಛಾವಣಿ, ಹಿತ್ತಲು ಎಲ್ಲಾ ನಿಮ್ಮದೇ, ತೊಂದರೆ ಇಲ್ಲ. ಕಾಂಡೋ ಆದರೆ ಛಾವಣಿಯೂ ಹೊರಗೋಡೆಯೂ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ್ದು. ಅಲ್ಲಿ ಹಾಕಬೇಡಿ ಅನ್ನುವ ಅಧಿಕಾರ ಸಂಘಕ್ಕೆ ಇದೆ. ನಿಮ್ಮ ಬಾಲ್ಕನಿ, ನಿಮ್ಮ ಪ್ಯಾಟಿಯೋ ನಿಮ್ಮದು, ಆದರೆ ಅಲ್ಲಿಂದ ಆಂಟೆನಾ ಹೊರಗೆ ಚಾಚಿ ಎಲ್ಲರ ಜಾಗದ ಮೇಲೆ ಬರಬಾರದು. ಟೌನ್‌ಹೋಮ್‌ಗಳದ್ದೇ, ಅಂದರೆ ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳದ್ದೇ, ಗೊಂದಲ. ಕೆಲವು ಕಡೆ ಛಾವಣಿ ನಿಮ್ಮ ಹೆಸರಲ್ಲಿ, ಕೆಲವು ಕಡೆ ಸಂಘದ ಹೆಸರಲ್ಲಿ. ನೋಡಲು ಎರಡೂ ಒಂದೇ ಥರ. ಮನೆ ಕಾಗದ ತೆಗೆದು ಓದದೆ ಬೇರೆ ದಾರಿ ಇಲ್ಲ. ಕಟ್ಟಡಕ್ಕೆಲ್ಲ ಸೇರಿ ಒಂದು ಸಾಮಾನ್ಯ ಆಂಟೆನಾ ಹಾಕಿ, ನಿಮಗೆ ಬೇಕಾದ ಚಾನೆಲ್‌ಗಳನ್ನು ಅಷ್ಟೇ ಚೆನ್ನಾಗಿ, ಹೆಚ್ಚು ಖರ್ಚಿಲ್ಲದೆ, ತಡವಿಲ್ಲದೆ ಕೊಟ್ಟರೆ ಆಗಲೂ ಒಬ್ಬೊಬ್ಬರ ಆಂಟೆನಾ ಬೇಡ ಅನ್ನಬಹುದು. ಇದು ನನಗೆ ಒಪ್ಪಿಗೆ. ಒಂದು ಕಟ್ಟಡದ ಮೇಲೆ ನೂರು ಡಿಶ್‌ಗಿಂತ ಒಂದು ಒಳ್ಳೆಯ ಆಂಟೆನಾ ಮೇಲು.

ಬಾಡಿಗೆ ಮನೆಯಲ್ಲಿ ಇರುವವರಿಗೂ ಈ ಹಕ್ಕು ಇದೆ ಅಂದರೆ ಬಹಳ ಜನ ಬೆರಗಾಗುತ್ತಾರೆ. ಮೊದಲು ಇರಲಿಲ್ಲ. 1999ರ ಜನವರಿ 22ರಿಂದ ಬಂತು. ಕಟ್ಟಡ ಮಾಲೀಕರ ಒಕ್ಕೂಟ ಇದರ ವಿರುದ್ಧ ಕೋರ್ಟಿಗೆ ಹೋಯಿತು, 2001ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟು ಎಫ್‌ಸಿಸಿಯ ನಿಯಮವನ್ನೇ ಎತ್ತಿಹಿಡಿಯಿತು. ಓದಲು ಬಂದು ಅಪಾರ್ಟ್‌ಮೆಂಟಿನಲ್ಲಿ ಇರುವ ಹುಡುಗರು, ಹೊಸದಾಗಿ ಕೆಲಸಕ್ಕೆ ಬಂದವರು ತಮ್ಮ ಬಾಲ್ಕನಿಯೊಳಗೆ ಸ್ಟ್ಯಾಂಡ್ ಮೇಲೆ ಆಂಟೆನಾ ಇಟ್ಟುಕೊಂಡರೆ ಮ್ಯಾನೇಜರ್ ತಕರಾರು ಮಾಡುವ ಹಾಗಿಲ್ಲ. ಮಾಲೀಕರ ಗೋಡೆಗೆ ತೂತು ಕೊರೆಯುವುದು ಬೇರೆ ಮಾತು, ಅದನ್ನು ಅವರು ತಡೆಯಬಹುದು. ಕಿಟಕಿ ಸಂದಿಯಲ್ಲಿ ನುಸುಳುವ ಚಪ್ಪಟೆ ಕೇಬಲ್ ಅಂಗಡಿಯಲ್ಲಿ ಸಿಗುತ್ತೆ, ಅದನ್ನು ಹಾಕಿಕೊಳ್ಳಿ.

ಈ ನಿಯಮ ಟಿವಿಯಲ್ಲೇ ನಿಲ್ಲಲಿಲ್ಲ. 2001ರ ಮೇ ತಿಂಗಳಿಂದ ವೈರ್‌ಲೆಸ್ ಇಂಟರ್ನೆಟ್ ಆಂಟೆನಾಗಳಿಗೂ ಅನ್ವಯಿಸಿತು. 2006ರಲ್ಲಿ ಇದರ ಬಲ ಎಷ್ಟು ಅಂತ ಬಾಸ್ಟನ್‌ನ ಲೋಗನ್ ಏರ್‌ಪೋರ್ಟಿನಲ್ಲಿ ಗೊತ್ತಾಯಿತು. ಕಾಂಟಿನೆಂಟಲ್ ಏರ್‌ಲೈನ್ಸ್ ತನ್ನ ಲೌಂಜಿನಲ್ಲಿ ಪ್ರಯಾಣಿಕರಿಗೆ ಪುಕ್ಕಟೆ ವೈಫೈ ಕೊಡಲು ಆಂಟೆನಾ ಹಾಕಿತ್ತು. ಏರ್‌ಪೋರ್ಟಿನ ಆಡಳಿತ ತೆಗೆಯಿರಿ ಅಂದಿತು. ಲೌಂಜ್ ಆ ಕಂಪನಿ ಬಾಡಿಗೆಗೆ ಹಿಡಿದ ಜಾಗ, ಅಲ್ಲಿ ಆಂಟೆನಾ ಇಡುವ ಹಕ್ಕು ಅದಕ್ಕಿದೆ ಅಂತ ಎಫ್‌ಸಿಸಿ ತೀರ್ಪು ಕೊಟ್ಟಿತು. ಒಂದು ಮನೆಯ ಡಿಶ್‌ಗೆಂದು ಮಾಡಿದ ನಿಯಮ ಒಂದು ದೊಡ್ಡ ಏರ್‌ಪೋರ್ಟನ್ನೂ ಮಣಿಸಿತು. ಈಗ ಹಳ್ಳಿ ಕಡೆ ಮನೆ ಮಾಡಿದವರು ಹಾಕಿಸುವ ಸ್ಟಾರ್‌ಲಿಂಕ್ ಉಪಗ್ರಹ ಇಂಟರ್ನೆಟ್ ಡಿಶ್‌ಗೂ ಇದೇ ರಕ್ಷಣೆ, ಕರ್ಣದಲ್ಲಿ ಅಳೆದರೂ ಒಂದು ಮೀಟರ್ ದಾಟದಿದ್ದರೆ ಸಾಕು.

ಹ್ಯಾಮ್ ರೇಡಿಯೋದವರಿಗೆ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರಿಗೆ, ಮಾತ್ರ ಇದು ಸಿಕ್ಕಿಲ್ಲ, ಅದು ನನಗೆ ಬೇಜಾರಿನ ವಿಷಯ. 1985ರಲ್ಲಿ ಎಫ್‌ಸಿಸಿ ಅವರಿಗೊಂದು ರಕ್ಷಣೆ ಕೊಟ್ಟಿತು, ಆದರೆ ಅದು ಊರಿನ ಆಡಳಿತದ ನಿಯಮಗಳ ವಿರುದ್ಧ ಮಾತ್ರ, ಸಂಘದ ನಿಯಮದ ವಿರುದ್ಧ ಅಲ್ಲ. ಚಂಡಮಾರುತ ಬಂದು ಎಲ್ಲಾ ಸಂಪರ್ಕ ಕಡಿದಾಗ ಕೆಲಸಕ್ಕೆ ಬರುವವರು ಅವರೇ. ಅವರ ತಂತಿಯೊಂದನ್ನು ಮರದಿಂದ ಮರಕ್ಕೆ ಕಟ್ಟಲು ಬಿಡದ ಸಂಘಗಳು ಇವತ್ತಿಗೂ ಇವೆ. ಕಾಂಗ್ರೆಸ್ಸಿನಲ್ಲಿ ಮಸೂದೆ ಬಂದದ್ದೂ ಉಂಟು, ಕಾನೂನಾಗಲಿಲ್ಲ.

ಇದೆಲ್ಲ ಅಮೆರಿಕದ ಕಾನೂನು ಅನ್ನೋದು ನೆನಪಿರಲಿ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ ಡಿಶ್ ಜಗಳ ಬಂದರೆ ಎಫ್‌ಸಿಸಿ ಹೆಸರು ಹೇಳಿ ಪ್ರಯೋಜನ ಇಲ್ಲ.

ಫ್ರಿಸ್ಕೋದ ಪತ್ರಕ್ಕೆ ನಾವು ಬರೆದ ಉತ್ತರ ಒಂದು ಪುಟ ಮೀರಲಿಲ್ಲ. ಕೋಪದ ಮಾತು ಒಂದೂ ಇರಲಿಲ್ಲ. ಇದು ಸ್ಥಳೀಯ ಟಿವಿ ಆಂಟೆನಾ, ನನ್ನೊಬ್ಬನ ಮನೆಯ ಛಾವಣಿ ಮೇಲಿದೆ, 47 ಸಿಎಫ್‌ಆರ್ 1.4000 ಪ್ರಕಾರ ಇದನ್ನು ನಿಷೇಧಿಸುವ ಅಥವಾ ಮುಂಚೆ ಅನುಮತಿ ಕೇಳುವ ಷರತ್ತು ಊರ್ಜಿತವಲ್ಲ, ಆಟಿಕ್‌ನಲ್ಲಿ ಇಟ್ಟು ನೋಡಿದ್ದೇವೆ, ಫಲಿತಾಂಶದ ಫೋಟೋ ಲಗತ್ತಿಸಿದೆ, ಅರ್ಥಿಂಗ್ ಮಾಡಿಸಿದ ಬಿಲ್ಲಿನ ಪ್ರತಿ ಲಗತ್ತಿಸಿದೆ, ಸಿಗ್ನಲ್ ಹಾಳಾಗದ ಯಾವ ಸಲಹೆ ಇದ್ದರೂ ಕೇಳಲು ಸಿದ್ಧ. ಇಷ್ಟೇ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ಸಂಘದಿಂದ ಬಂದ ಉತ್ತರ ಬಹಳ ಮೆತ್ತಗಿತ್ತು. ಗೋಡೆ ಮೇಲೆ ಇಳಿದ ಕರಿ ಕೇಬಲಿಗೆ ಇಟ್ಟಿಗೆ ಬಣ್ಣ ಬಳಿಯಬಹುದಾ ಅಂತ ಕೇಳಿದ್ದರು. ಬಳಿದರು. ದಂಡದ ಮಾತು ಅಲ್ಲಿಗೆ ನಿಂತಿತು.

ಎಲ್ಲಾ ಕಡೆ ಇಷ್ಟು ಸಲೀಸಾಗಿ ಮುಗಿಯುತ್ತೆ ಅಂತ ಹೇಳೋದಿಲ್ಲ. ಸಂಘ ಹಠಕ್ಕೆ ಬಿದ್ದರೆ ನೀವು ಎಫ್‌ಸಿಸಿಗೆ ಅರ್ಜಿ ಹಾಕಬಹುದು, ಅಥವಾ ಕೋರ್ಟಿಗೆ ಹೋಗಬಹುದು. ಅರ್ಜಿಯಲ್ಲಿ ಸಂಘದ ನಿಯಮದ ಪ್ರತಿ, ಅವರ ಪತ್ರಗಳು, ನಿಮ್ಮ ಉತ್ತರ, ಫೋಟೋ ಎಲ್ಲಾ ಇಡಬೇಕು, ಒಂದು ಪ್ರತಿ ಸಂಘಕ್ಕೂ ಕಳಿಸಬೇಕು. ಅರ್ಜಿ ಇತ್ಯರ್ಥ ಆಗುವ ತನಕ, ಸುರಕ್ಷತೆ ಅಥವಾ ಪಾರಂಪರಿಕ ಕಟ್ಟಡದ ಪ್ರಶ್ನೆ ಇಲ್ಲದಿದ್ದರೆ, ಸಂಘ ಆ ಷರತ್ತನ್ನು ಜಾರಿ ಮಾಡುವ ಹಾಗಿಲ್ಲ, ದಂಡವೂ ಏರುವ ಹಾಗಿಲ್ಲ. ತೀರ್ಪು ನಿಮ್ಮ ವಿರುದ್ಧ ಬಂದರೂ ಆಂಟೆನಾ ತೆಗೆಯಲು ಕನಿಷ್ಠ 21 ದಿನ ಕೊಡಬೇಕು, ಸುಮ್ಮಸುಮ್ಮನೆ ಹಾಕಿದ ಅರ್ಜಿ ಅಲ್ಲದಿದ್ದರೆ ಅಷ್ಟರೊಳಗೆ ತೆಗೆದವರಿಂದ ದಂಡ ವಸೂಲಿ ಮಾಡುವ ಹಾಗಿಲ್ಲ. ಆದ್ದರಿಂದ ಪತ್ರ ಬಂದ ದಿನವೇ ಏಣಿ ಹತ್ತಿ ಆಂಟೆನಾ ಇಳಿಸಬೇಡಿ. ಮೊದಲು ಮನೆ ಕಾಗದ ತೆಗೆದು ಛಾವಣಿ ಯಾರ ಹೆಸರಲ್ಲಿದೆ ನೋಡಿ, ಆಮೇಲೆ ಉತ್ತರ ಬರೆಯಿರಿ.